ಸ್ಟುಡಿಯೋದ ಎಸಿಗೆ ಸದ್ದೇ ಇಲ್ಲವೇ?

ಪ್ರಶ್ನೆ: ಶಾಲೆಯವರ ಜೊತೆ ಕುವೈತ್ ರೇಡಿಯೋ ಸ್ಟುಡಿಯೋ ನೋಡಿಬಂದ ಮಗಳು, “ಒಳಗೆ ಚಳಿ ಆಗ್ತಿತ್ತು, ಆದ್ರೆ ಎಸಿ ಸದ್ದೇ ಇರ್ಲಿಲ್ಲ” ಅಂದಳು. ನಮ್ಮ ಮನೆಯದು ಇಡೀ ರಾತ್ರಿ ಬುಸುಗುಡುತ್ತದೆ. ಅಲ್ಲಿ ಹೇಗೆ ಸಾಧ್ಯ?
– ಓದುಗರೊಬ್ಬರು, ಸಾಲ್ಮಿಯಾ

ಉತ್ತರ: ನಿಮ್ಮ ಮಗಳ ಕಿವಿ ಬಲು ಚುರುಕು. ಸ್ಟುಡಿಯೋಗೆ ಹೋದವರೆಲ್ಲ ಮೈಕು, ಕೆಂಪು ದೀಪ ನೋಡಿ ಬರುತ್ತಾರೆ. ಅದನ್ನು ಕಟ್ಟಿದವರು ನಿದ್ದೆಗೆಟ್ಟಿರುವುದು ಮಾತ್ರ ಅಲ್ಲಿ ಕೇಳಿಸಬಾರದ ಸದ್ದುಗಳಿಗಾಗಿ.

ಎಸಿ ಸದ್ದನ್ನು ನಮ್ಮ ಕಿವಿ ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತದೆ. ಮೈಕಿಗೆ ಆ ಮರೆವು ಇಲ್ಲ. ಆರಿಸಿಬಿಡೋಣ ಎನ್ನುವಂತೆಯೂ ಇಲ್ಲ: 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದ ನಾಡು ಕುವೈತ್. ಇತ್ತ ನಮ್ಮಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ರೇಡಿಯೋ ಕೇಂದ್ರ ಆರಂಭಿಸಿದರು. ಮೈಸೂರಿನ ಹವೆ ಅವರಿಗೆ ಈ ತಲೆನೋವು ಕೊಡಲಿಲ್ಲ.

ಗುಟ್ಟು ಗಾಳಿಯ ವೇಗದಲ್ಲಿದೆ. ಮನೆಯ ಎಸಿ ಸಣ್ಣ ಬಾಯಿಂದ ಜೋರಾಗಿ ಊದುತ್ತದೆ. ಸ್ಟುಡಿಯೋದಲ್ಲಿ ಅಷ್ಟೇ ತಂಪನ್ನು ಅಗಲವಾದ ಕೊಳವೆಯಿಂದ ನಿಧಾನವಾಗಿ ಇಳಿಬಿಡುತ್ತಾರೆ. ವೇಗ ಅರ್ಧಕ್ಕಿಳಿದರೆ ಗಾಳಿಯ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಯಂತ್ರ ದೂರದಲ್ಲಿರುತ್ತದೆ, ಅದರ ನಡುಕ ಗೋಡೆಗೆ ಹತ್ತದಂತೆ ಸ್ಪ್ರಿಂಗ್ ಅಥವಾ ರಬ್ಬರ್ ಮೇಲೆ ಕೂತಿರುತ್ತದೆ. ಕೊಳವೆಗೆ ಬೇಕೆಂದೇ ತಿರುವು ಕೊಟ್ಟು ಒಳಮೈಗೆ ಗಾಜಿನ ಉಣ್ಣೆಯಂಥ ಮೆತ್ತೆ ಹೊದಿಸುತ್ತಾರೆ; ಅಷ್ಟು ದೂರ ಬರುವಷ್ಟರಲ್ಲಿ ಉಳಿದ ಸದ್ದು ಆ ಮೆತ್ತೆಯಲ್ಲೇ ಇಂಗಿಹೋಗುತ್ತದೆ. ಒಳ್ಳೆಯ ಸ್ಟುಡಿಯೋ ಕೋಣೆಯೊಳಗಿನ ಕೋಣೆ: ನೆಲವನ್ನೂ ಕಟ್ಟಡದಿಂದ ಬಿಡಿಸಿರುತ್ತಾರೆ. ಒಂದರ ಹಿಂದೊಂದು ಎರಡು ಬಾಗಿಲು ಇರುವುದೂ ಹೊರಗಿನ ಸದ್ದು ಒಳಬರದಿರಲೆಂದೇ.

ಇಷ್ಟೆಲ್ಲ ಹೇಳುವಾಗ ಕುವೈತ್ ರೇಡಿಯೋದ್ದೇ ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ. 1951ರ ಮೇ 12ರಂದು ಶುರುವಾದ ಆ ಕೇಂದ್ರ 1990ರ ಆಗಸ್ಟ್ 2ರಂದು ಇರಾಕಿ ಸೇನೆ ನುಗ್ಗಿದಾಗ ಸ್ಟುಡಿಯೋ ಕಳೆದುಕೊಂಡಿತು. ಸಿಬ್ಬಂದಿ ಅಡಗುತಾಣದಿಂದ ಜನರಿಗೆ ಕರೆ ಕೊಡುತ್ತಲೇ ಇದ್ದರು. ಅಲ್ಲಿ ಮೆತ್ತೆಯೂ ಇದ್ದಿರಲಿಕ್ಕಿಲ್ಲ, ಎರಡು ಬಾಗಿಲೂ ಇದ್ದಿರಲಿಕ್ಕಿಲ್ಲ. ಆ ದಿನ ಕೇಳುಗರಿಗೆ ಬೇಕಾಗಿದ್ದುದು ಆ ದನಿ ಇನ್ನೂ ಇದೆ ಎನ್ನುವ ಧೈರ್ಯ.

ಮತ್ತೊಮ್ಮೆ ಹೋಗುವ ಅವಕಾಶ ಸಿಕ್ಕರೆ, ಕೆಂಪು ದೀಪ ಆರಿರುವಾಗ ಅಲ್ಲಿಯವರನ್ನು ಕೇಳಿ ಮಗಳು ಸ್ಟುಡಿಯೋದೊಳಗೆ ಒಮ್ಮೆ ಚಪ್ಪಾಳೆ ತಟ್ಟಲಿ. ಹೊರಗಿನ ಕಾರಿಡಾರಿನಲ್ಲಿ ಇನ್ನೊಮ್ಮೆ. ಗೋಡೆ ಏನು ನುಂಗುತ್ತದೆ ಎಂದು ಅವಳೇ ನಿಮಗೆ ಹೇಳುತ್ತಾಳೆ.