ಡೆನಿಮ್: ನೂಲಿನ ಹೊರಮೈಗಷ್ಟೇ ಹಿಡಿಯುವ ನೀಲಿ

ಡೆನಿಮ್ ಬಟ್ಟೆಗೆ ಬಣ್ಣ ಹಾಕುವುದು ನೇಯ್ಗೆಗೆ ಮೊದಲು. ಅದೂ ಹಾಸಿನ ನೂಲಿಗೆ ಮಾತ್ರ. ಹೊಕ್ಕಿನ ನೂಲು ಸಾಮಾನ್ಯವಾಗಿ ಬಿಳಿಯಾಗಿಯೇ ಉಳಿಯುತ್ತದೆ. ಇಂಡಿಗೊ ನೀರಿನಲ್ಲಿ ಕರಗದು. ಆದುದರಿಂದ ಅದನ್ನು ಕಾಸ್ಟಿಕ್ ಸೋಡ ಹಾಗೂ ಸೋಡಿಯಂ ಹೈಡ್ರೋಸಲ್ಫೈಟ್‌ಗಳ ನೆರವಿನಿಂದ ಕರಗುವ ರೂಪಕ್ಕೆ ತರಲಾಗುತ್ತದೆ. ಆಗ ದ್ರಾವಣವು ಹಳದಿ ಬೆರೆತ ಹಸಿರಾಗಿರುತ್ತದೆ; ಅದರಲ್ಲಿ ಅದ್ದಿದ ನೂಲು ಗಾಳಿ ತಗುಲಿದೊಡನೆ ನೀಲಿಗೆ ತಿರುಗುತ್ತದೆ. ಹತ್ತಿಗೆ ಈ ಬಣ್ಣ ಸುಲಭವಾಗಿ ಹಿಡಿಯದ ಕಾರಣ, ಗಾಢ ಛಾಯೆಗಾಗಿ ನೂಲನ್ನು ಹಲವು ಬಾರಿ ಅದ್ದಿ ಗಾಳಿಗೊಡ್ಡಬೇಕು. ಹೀಗಾದರೂ ಬಣ್ಣ ನೂಲಿನ ತಿರುಳನ್ನು ಮುಟ್ಟುವುದಿಲ್ಲ. ಒಗೆದಂತೆಲ್ಲ ಹೊರಪದರ ಸವೆದು ಒಳಗಿನ ಬಿಳುಪು ಇಣುಕುತ್ತದೆ. ಬೇರೆ ಬಟ್ಟೆಯಲ್ಲಿ ದೋಷವೆನಿಸುವ ಈ ಗುಣಕ್ಕೇ ಜೀನ್ಸ್ ಮಾರುಕಟ್ಟೆಯಲ್ಲಿ ಬೆಲೆ.

ಗಂಜಿ ಹಾಕಿದ ಹಾಸಿನ ಎಳೆಯು ಸಾಮಾನ್ಯವಾಗಿ 3 ಹೊಕ್ಕುಗಳ ಮೇಲೆ ಹಾದು 1ರ ಕೆಳಗೆ ಇಳಿಯುತ್ತದೆ. ಇದರಿಂದ ಮುಂಬದಿ ನೀಲಿಯಾಗಿ, ಹಿಂಬದಿ ಬಿಳುಪಾಗಿ ಕಾಣುತ್ತದೆ, ಓರೆಗೆರೆಯೂ ಮೂಡುತ್ತದೆ. ಇಂತಹ ಓರೆ ನೇಯ್ಗೆಯ ಬಟ್ಟೆ ಒಗೆದಾಗ ತಿರುಚಿಕೊಳ್ಳುತ್ತದೆ. ಅದನ್ನು ತಡೆಯಲು ಗಿರಣಿಗಳಲ್ಲಿ ಮೇಲ್ಮೈಯ ನಾರುಗಳನ್ನು ಸುಟ್ಟ ಬಳಿಕ ಬಟ್ಟೆಯನ್ನು ಮೊದಲೇ ಓರೆಯಾಗಿ ಎಳೆದು, ಸ್ಯಾನ್‌ಫರೈಸಿಂಗ್ ಯಂತ್ರದಲ್ಲಿ ಉದ್ದಕ್ಕೆ ಕುಗ್ಗಿಸುತ್ತಾರೆ. ಈ ಹಂತದಲ್ಲಿ ಖರ್ಚು ಉಳಿಸಿದ ಬಟ್ಟೆ ಅಗ್ಗವಾಗಿ ದೊರೆಯಬಹುದು. ಆದರೆ ಪ್ಯಾಂಟಿನ ಪಕ್ಕದ ಹೊಲಿಗೆ ಮೊದಲ ಒಗೆತಕ್ಕೇ ಮುಂದಕ್ಕೆ ತಿರುಗಿದರೆ ನಷ್ಟ ಹೊಲಿಸಿದವನದು.

ಬಳ್ಳಾರಿಯ ಜೀನ್ಸ್ ಘಟಕಗಳಂತಹ ಸಣ್ಣ ತಯಾರಕರು ಪ್ರತಿ ಥಾನಿನಿಂದ ಒಂದು ತುಂಡನ್ನು ತೆಗೆದು, ಅಳತೆ ಗುರುತಿಸಿ, ಒಗೆದು ನೋಡಿದ ನಂತರವೇ ಬಟ್ಟೆಯನ್ನು ಕತ್ತರಿಸುವುದು ಲೇಸು. ಒಂದೇ ಗಿರಣಿಯ ಮಾಲಿನಲ್ಲೂ ಥಾನಿನಿಂದ ಥಾನಿಗೆ ಛಾಯೆ ಬದಲಾಗುವುದುಂಟು. ಒಗೆಯುವ ಮುನ್ನ ಕಣ್ಣಿಗೆ ಬೀಳದ ಈ ವ್ಯತ್ಯಾಸ ಒಗೆದ ಮೇಲೆ ಎದ್ದು ಕಾಣುತ್ತದೆ. ಆದ್ದರಿಂದ ಕತ್ತರಿಸಿದ ತುಂಡುಗಳಿಗೆ ಥಾನಿನ ಸಂಖ್ಯೆ ಅಂಟಿಸಿ, ಒಂದು ಪ್ಯಾಂಟಿನ ಎರಡೂ ಕಾಲುಗಳು ಒಂದೇ ಥಾನಿನಿಂದ ಬರುವಂತೆ ನೋಡಿಕೊಳ್ಳಬೇಕು.