ಸೀತಾಳೆ ದಂಡೆಗೆ ಮಣ್ಣು ಬೇಡ

ಆರ್ಕಿಡ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಮದುವೆ ಸ್ಟೇಜ್ ಮೇಲಿನ ನೇರಳೆ ಹೂವು, ಇಲ್ಲಾ ಮಾಲ್‌ನಲ್ಲಿ ಗಾಜಿನ ಕುಂಡದಲ್ಲಿರೋ ದುಬಾರಿ ಗಿಡ. ಆದರೆ ನಮ್ಮ ಮಲೆನಾಡಿನ ಮರಗಳ ಮೇಲೇ ಒಂದು ಚೆಂದದ ಆರ್ಕಿಡ್ ಇದೆ. ಮಳೆಗಾಲಕ್ಕೆ ಸ್ವಲ್ಪ ಮುಂಚೆ ಕೊಂಬೆಯಿಂದ ಜಡೆಯ ಹಾಗೆ ಹೂಗೊಂಚಲು ಇಳಿಬಿಡುತ್ತೆ. ಬಿಳಿ ಹೂವು, ಅದರ ಮೇಲೆ ಗುಲಾಬಿ-ನೇರಳೆ ಚುಕ್ಕೆ, ಒಂದೇ ಗೊಂಚಲಲ್ಲಿ ನೂರಕ್ಕೂ ಹೆಚ್ಚು ಹೂ ಇರಬಹುದು. ಇದೇ ಸೀತಾಳೆ ದಂಡೆ. ದಂಡೆ ಅಂದರೆ ಮುಡಿಯೋ ಹೂಮಾಲೆ. ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟುಸ. ಅಸ್ಸಾಂನ ರಾಜ್ಯ ಪುಷ್ಪವೂ ಇದೇ; ಅಲ್ಲಿ ಬಿಹು ಕುಣಿಯುವ ಹುಡುಗಿಯರು ಮುಡಿಯುತ್ತಾರೆ.

ಇದನ್ನು ಬಂದಳಿಕೆ ಅಂದುಕೊಂಡು ಕಿತ್ತೆಸೆಯುವವರೂ ಇದ್ದಾರೆ. ಬಂದಳಿಕೆ ಮರದ ಒಳಗೆ ಬೇರು ಇಳಿಸಿ ರಸ ಹೀರುತ್ತೆ. ಸೀತಾಳೆ ದಂಡೆ ಹಾಗಲ್ಲ. ಅದು ಮರವನ್ನು ಹಿಡಿದು ಕೂತಿರುತ್ತೆ ಅಷ್ಟೇ, ಊಟ ಅದರದ್ದೇ. ಒಂಥರಾ ಪೇಯಿಂಗ್ ಗೆಸ್ಟ್, ಆದರೆ ಮೆಸ್ ಬೇರೆ!

ಹಾಗಾದರೆ ನೀರು ಎಲ್ಲಿಂದ? ಇಲ್ಲಿ ಎಂಜಿನಿಯರಿಂಗ್ ಇದೆ. ದಪ್ಪ ಬೇರಿನ ಹೊರಪದರಕ್ಕೆ ವೆಲಾಮೆನ್ ಅಂತ ಹೆಸರು. ಅದು ಸತ್ತ ಜೀವಕೋಶಗಳ ಪದರ, ಸ್ಪಂಜಿನ ಥರ ಕೆಲಸ ಮಾಡುತ್ತೆ. ಒಣಗಿದಾಗ ಒಳಗೆ ಗಾಳಿ ತುಂಬಿರೋದರಿಂದ ಬೇರು ಬೆಳ್ಳಗೆ ಕಾಣುತ್ತೆ. ಮಳೆ ಬಿದ್ದ ತಕ್ಷಣ ನೀರು ಹೀರಿ ಪದರ ಪಾರದರ್ಶಕವಾಗುತ್ತೆ, ಒಳಗಿನ ಹಸಿರು ಹೊರಗೆ ಕಾಣುತ್ತೆ. ಅಂದರೆ ಗಿಡವೇ ನಮಗೊಂದು ಮಾಯಿಶ್ಚರ್ ಸೆನ್ಸರ್ ಕೊಟ್ಟಿದೆ. ಬೇರು ಹಸಿರಿದ್ದರೆ ನೀರು ಬೇಡ, ಪೂರ್ತಿ ಬೆಳ್ಳಗಾದರೆ ಹಾಕಿ. ಆರ್ಡುಯಿನೋ ಏನೂ ಬೇಕಾಗಿಲ್ಲ.

ಮನೆಗೆ ತಂದ ಗಿಡಗಳು ಬಹಳಷ್ಟು ಸಾಯೋದು ಬಾಯಾರಿಕೆಯಿಂದಲ್ಲ, ಪ್ರೀತಿ ಜಾಸ್ತಿಯಾಗಿ. ಮಣ್ಣಲ್ಲಿ ನೆಟ್ಟು ದಿನಾ ನೀರು ಹಾಕಿದರೆ ಬೇರಿಗೆ ಗಾಳಿ ಸಿಗಲ್ಲ, ಕೊಳೆಯುತ್ತೆ. ಆದ್ದರಿಂದ ಮರದ ಪಟ್ಟಿಗಳ ಬುಟ್ಟಿಯಲ್ಲಿ ಇದ್ದಿಲು, ಹೆಂಚಿನ ಚೂರು ಹಾಕಿ ಗಿಡ ಕೂರಿಸಿ. ಮರದ ತುಂಡಿಗೆ ಕಟ್ಟಿ ನೇತುಹಾಕಿದರೂ ಆಯ್ತು. ಬೆಳಗಿನ ಬಿಸಿಲು ಬೀಳೋ ಬಾಲ್ಕನಿ ಒಳ್ಳೇದು, ಮಧ್ಯಾಹ್ನದ ಬಿಸಿಲು ಎಲೆ ಸುಡುತ್ತೆ. ಹಾಗಂತ ಕತ್ತಲೆ ಮೂಲೆಯಲ್ಲಿಟ್ಟರೆ ಎಲೆ ಸೊಗಸಾಗಿ ಬೆಳೆಯುತ್ತೆ, ಹೂ ಮಾತ್ರ ಬರಲ್ಲ. ಬೋರ್‌ವೆಲ್ ನೀರಿನ ಉಪ್ಪು ಬೇರಿನ ಮೇಲೆ ಕೂರುತ್ತೆ, ಮಳೆನೀರು ಹಿಡಿದಿಟ್ಟುಕೊಂಡರೆ ಉತ್ತಮ. ಹೊಸ ಬೇರು, ಎಲೆ ಬರುವಾಗ 20-20-20 ಗೊಬ್ಬರವನ್ನು ಪ್ಯಾಕೆಟ್ ಮೇಲೆ ಹೇಳಿದ್ದರ ಕಾಲು ಭಾಗದಷ್ಟು ತೆಳುವಾಗಿ ಸಿಂಪಡಿಸಿ. ಚಳಿಗಾಲದಲ್ಲಿ ನೀರು, ಗೊಬ್ಬರ ಎರಡೂ ಕಡಿಮೆ ಮಾಡಿ.

ಈಗ ಮುಖ್ಯ ಪ್ರಶ್ನೆ: ಗಿಡ ಎಲ್ಲಿಂದ ತರೋದು? ಟ್ರೆಕ್ಕಿಂಗ್ ಹೋದಾಗ ಕಿತ್ತು ತರೋದು ಬೇಡವೇ ಬೇಡ. ಕಾರಣ ಬೀಜದಲ್ಲಿದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಬೇಕಾದ ಆಹಾರವನ್ನು ಜೊತೆಗೆ ಕಟ್ಟಿಕೊಂಡು ಬರಲ್ಲ. ಕಾಡಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ ಅದು ಆಹಾರ ಒದಗಿಸಿದರೆ ಮಾತ್ರ ಬದುಕುತ್ತೆ. ಹಾಗಾಗಿ ಲೆಕ್ಕವಿಲ್ಲದಷ್ಟು ಬೀಜ ಉದುರಿದರೂ ಗಿಡವಾಗೋದು ತೀರಾ ಕಮ್ಮಿ, ಆದ ಗಿಡ ಹೂಬಿಡೋಕೆ ಮತ್ತೆ ವರ್ಷಗಳು ಬೇಕು. ನಾವು ಎರಡು ನಿಮಿಷದಲ್ಲಿ ಕೀಳೋದು ಅದನ್ನು. 1922ರಲ್ಲಿ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ ಶಿಲೀಂಧ್ರವಿಲ್ಲದೆ, ಸಕ್ಕರೆ ಬೆರೆಸಿದ ಅಗರ್ ಮೇಲೆ ಆರ್ಕಿಡ್ ಬೀಜ ಮೊಳಕೆ ಬರಿಸಬಹುದು ಅಂತ ತೋರಿಸಿದರು. ಇವತ್ತು ನರ್ಸರಿಗಳಿಗೆ ಲ್ಯಾಬ್‌ನ ಫ್ಲಾಸ್ಕ್ ಗಿಡ ಬರೋದು ಅದೇ ದಾರಿಯಲ್ಲಿ. ಕೊಳ್ಳುವಾಗ ನೋಡಿ: ಬೇರೆಲ್ಲ ಮುರಿದು, ಅದಕ್ಕೆ ಮರದ ತೊಗಟೆ, ಪಾಚಿ ಅಂಟಿಕೊಂಡಿದ್ದರೆ ಅದು ಕಾಡಿಂದ ಬಂದಿರೋ ಸಾಧ್ಯತೆ ಜಾಸ್ತಿ. ಅಂಥದ್ದನ್ನು ಬಿಟ್ಟುಬಿಡಿ, ಎಷ್ಟೇ ಚೀಪ್ ಇರಲಿ.

ಊರಲ್ಲಿ ನಿಮ್ಮದೇ ತೋಟದ ಮರ ಗಾಳಿಗೆ ಬಿದ್ದು ಅದರ ಮೇಲೆ ಸೀತಾಳೆ ಇದ್ದರೆ ಅದು ಬೇರೆ ಮಾತು. ನೆಲದಲ್ಲೇ ಬಿಟ್ಟರೆ ಕೊಳೆಯುತ್ತೆ. ಹಳೇ ಕಾಟನ್ ಬಟ್ಟೆಯ ಪಟ್ಟಿಯಿಂದ ಪಕ್ಕದ ಮಾವಿಗೋ ಹಲಸಿಗೋ ಕಟ್ಟಿ. ಬಟ್ಟೆ ಹರಿದುಹೋಗೋ ಹೊತ್ತಿಗೆ ಬೇರು ಹಿಡಿದಿರುತ್ತೆ. ಪೇರಲೆ, ನೀಲಗಿರಿ ಬೇಡ, ಅವುಗಳ ತೊಗಟೆ ಸುಲಿಯುತ್ತಲೇ ಇರುತ್ತೆ. ಮಳೆಗಾಲದ ಶುರುವಿನಲ್ಲಿ ಕಟ್ಟಿದರೆ ದಿನಾ ನೀರು ಹಾಕೋ ಕೆಲಸವೂ ಉಳಿಯುತ್ತೆ.