ಎರೆಹೊಲದಲ್ಲಿ ಮೊದಲು ಹಸಿ, ಆಮೇಲೆ ಗೊಬ್ಬರ

ಸಾವಯವ ಶುರು ಮಾಡಬೇಕೆನ್ನುವವರು ನಮ್ಮ ಅಳವಂಡಿ ಸೀಮೆಯಲ್ಲಿ ಮೊದಲು ಕೇಳುವುದು ಜೀವಾಮೃತದ ಲೆಕ್ಕ. ಅದೇನು ಕಷ್ಟದ್ದಲ್ಲ: ಡ್ರಮ್ಮಿನಲ್ಲಿ 200 ಲೀಟರ್ ನೀರಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಎರಡು ದಿನ ನೆರಳಿನಲ್ಲಿಟ್ಟು ಬೆಳಿಗ್ಗೆ ಸಂಜೆ ತಿರುವಿದರೆ ಒಂದು ಎಕರೆಗಾಯಿತು. ಆದರೆ ರಾಸಾಯನಿಕ ಬಿಟ್ಟು ವರ್ಷಗಟ್ಟಲೆ ಬೇಸಾಯ ಮಾಡಿದ ಮೇಲೆ ನನಗೆ ಖಾತ್ರಿಯಾದ ಮಾತು ಬೇರೆ. ನೆಲದಲ್ಲಿ ಹಸಿ ಇಲ್ಲದಿದ್ದರೆ ಆ ಡ್ರಮ್ಮಿನ ಜೀವಾಣುಗಳು ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಸಾವಯವವೆಂದರೆ ಮೊದಲು ಹಸಿ ಹಿಡಿಯುವುದು. ಗೊಬ್ಬರ, ಸಿಂಪಡಣೆ ಎಲ್ಲ ಅದರ ಬೆನ್ನಿಗೆ ಬರುವಂಥವು.

ಗಂಗಾವತಿ ಕಡೆಯವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯುಂಟು. ನಮ್ಮ ಎರೆಹೊಲಗಳು ಬಹುಪಾಲು ಮುಗಿಲನ್ನೇ ನಂಬಿದಂಥವು. ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು, ಅದರಲ್ಲೂ ಸೆಪ್ಟೆಂಬರ್ ತಿಂಗಳದ್ದೇ ದೊಡ್ಡ ಪಾಲು. ಒಣಗಿದ ಎರೆ ಬಿರಿದು ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕು ಮುಚ್ಚಿ, ಮುಂದಿನ ನೀರು ಮೇಲಿನ ಫಲವತ್ತು ಮಣ್ಣನ್ನು ಹೊತ್ತುಕೊಂಡು ಹಳ್ಳ ಸೇರುತ್ತದೆ. ಅದಕ್ಕೇ ಹಿಂಗಾರಿಗೆಂದು ಬಿಟ್ಟ ಹೊಲದಲ್ಲಿ ಜೂನ್-ಜುಲೈನಲ್ಲೇ ಚೌಕುಮಡಿ ಹಾಕುತ್ತೇನೆ. ಹತ್ತು ಹದಿನೈದು ಅಡಿಗೊಂದು ಗೇಣೆತ್ತರದ ಒಡ್ಡು ಸಾಕು, ಬಿದ್ದ ನೀರು ಬಿದ್ದಲ್ಲೇ ನಿಂತು ನಿಧಾನವಾಗಿ ಇಂಗುತ್ತದೆ. ಬಿತ್ತುವ ಮುಂದೆ ಕುಂಟೆ ಹೊಡೆದರೆ ಒಡ್ಡು ನೆಲಸಮ. ಈ ಕೆಲಸಕ್ಕೆ ಎತ್ತು, ಆಳು, ಬೆವರು ಬೇಕು; ಅಂಗಡಿಯಿಂದ ತರುವಂಥದ್ದೇನೂ ಇಲ್ಲ.

ಗೊಬ್ಬರದ ಮಾತಿಗೆ ಬಂದರೆ, ಬೇಸಿಗೆಯಲ್ಲಿ ಕುರಿ ತರುಬುವುದಕ್ಕಿಂತ ದೊಡ್ಡ ಉಪಾಯ ನನಗೆ ಗೊತ್ತಿಲ್ಲ. ಸುಗ್ಗಿ ಮುಗಿದು ಹೊಲ ಬಯಲಾದಾಗ ಕುರುಬರು ಹಿಂಡು ಹೊಡೆದುಕೊಂಡು ಬರುತ್ತಾರೆ. ರಾತ್ರಿಯೆಲ್ಲ ಕುರಿ ಹೊಲದಲ್ಲೇ ಮಲಗಿದರೆ ಹಿಕ್ಕೆಯ ಜೊತೆ ಗಂಜಲವೂ ನೇರ ನೆಲಕ್ಕಿಳಿಯುತ್ತದೆ; ತಿಪ್ಪೆಯಲ್ಲಿ ಸೋರಿ ಹೋಗುವ ಸತ್ವ ಇಲ್ಲಿ ಉಳಿಯುತ್ತದೆ. ಬಹಳ ದಿನ ಬಿಸಿಲಿಗೆ ಬಿಡದೆ ಹರಗಿ ಮುಚ್ಚಬೇಕು, ಇಲ್ಲದಿದ್ದರೆ ಸಾರಜನಕ ಆವಿಯಾಗಿ ಹೋಗುತ್ತದೆ.

ರೋಹಿಣಿ ಮಳೆಯಾದರೆ ಓಣಿತುಂಬ ಜೋಳ ಅನ್ನುತ್ತಾರೆ. ಆದರೆ ನಾನು ಮುಂಗಾರಿನ ಹದ ಸಿಕ್ಕ ಹೊಲಕ್ಕೆ ಹೆಸರು ಬಿತ್ತುತ್ತೇನೆ. ಎರಡು ತಿಂಗಳಿನ ಚಿಲ್ಲರೆಯಲ್ಲಿ ಕಾಯಿ ಕೈಗೆ ಬರುತ್ತದೆ, ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟಿರುತ್ತವೆ. ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಹೊಲದಲ್ಲೇ ಮುರಿದು ಮಣ್ಣಿಗೆ ಸೇರಿಸಿದರೆ ಹಿಂಗಾರಿ ಬೆಳೆಗೆ ಅದೇ ಬುತ್ತಿ.

ಹಿಂಗಾರಿಗೆ ನನ್ನ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಮೂರೂ ಇರಲೇಬೇಕು. ಜೋಳದ ನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಬಿಡುತ್ತೇನೆ. ಕಡಲೆಯ ಸುತ್ತ ಕುಸುಬೆಯ ಅಂಚು: ಮುಳ್ಳಿಗೆ ಹೆದರಿ ದನ ಒಳಗೆ ಬಾಯಿ ಹಾಕುವುದಿಲ್ಲ, ಮನೆಗೆ ಎಣ್ಣೆಯೂ ಆಗುತ್ತದೆ. ಸುತ್ತಮುತ್ತ ಗೋವಿನಜೋಳ ಹಬ್ಬಿದ ಈ ಕಾಲದಲ್ಲಿ ಬಿಳಿಜೋಳ ಯಾಕೆಂದು ಕೇಳುತ್ತಾರೆ. ಜೋಳ ಬೆಳೆದರೆ ಕಣಕಿ. ಕಣಕಿ ಇದ್ದರೆ ಎತ್ತು ಆಕಳು. ಅವಿದ್ದರೆ ಸಗಣಿ, ಗಂಜಲ. ಜೋಳ ಬಿಟ್ಟವರ ದನದ ಕೊಟ್ಟಿಗೆ ಖಾಲಿಯಾಗುತ್ತದೆ, ಆಮೇಲೆ ಜೀವಾಮೃತದ ಸಗಣಿಯನ್ನೂ ಕೊಂಡು ತರಬೇಕಾಗುತ್ತದೆ. ಕೊಂಡು ಮಾಡುವ ಸಾವಯವ ಬಹಳ ದಿನ ಬಾಳುವುದಿಲ್ಲ.

ಹಿಂಗಾರಿ ಮಳೆ ಹಿಂದಾದ ಮೇಲೆ ಬೆಳೆ ಬದುಕುವುದು ನೆಲ ಹಿಡಿದಿಟ್ಟ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಆಸರೆಯಲ್ಲಿ. ಆಗ ಎಡೆ ಹೊಡೆಯುವುದು ಕಸ ತೆಗೆಯುವುದಕ್ಕೆ ಮಾತ್ರ ಅಲ್ಲ. ಎಡೆಕುಂಟೆ ಮೇಲಿನ ಎರಡು ಬೆರಳು ಮಣ್ಣನ್ನು ಪುಡಿ ಮಾಡಿ ಬಿರುಕಿನ ಬಾಯಿ ಮುಚ್ಚುತ್ತದೆ, ಕೆಳಗಿನ ಹಸಿ ಹಾರಿಹೋಗದಂತೆ ತಡೆಯುತ್ತದೆ. ಎಡೆ ಹೊಡೆದ ಸಾಲಿನಲ್ಲಿ ಗೇಣುದ್ದ ಅಗೆದು ಮಣ್ಣು ಹಿಡಿದರೆ ಉಂಡೆಯಾಗುತ್ತದೆ. ಹಾಗೇ ಬಿಟ್ಟ ಸಾಲಿನ ಮಣ್ಣು ಹೆಂಟೆಯಾಗಿ ಒಡೆಯುತ್ತದೆ. ಹೊಸಬರಿಗೆ ನಾನು ತೋರಿಸುವ ಮೊದಲ ಪಾಠ ಇದೇ.

ಕಡಲೆಗೆ ಒಂದು ತಿಂಗಳು ತುಂಬಿದಾಗ ಕುಡಿ ಚಿವುಟಬೇಕು. ಕವಲು ಹೆಚ್ಚಿ ಕಾಯಿ ಹೆಚ್ಚುತ್ತದೆ, ಚಿವುಟಿದ ಕುಡಿ ಪಲ್ಯಕ್ಕಾಗುತ್ತದೆ. ಎಲೆಯ ಮೇಲಿನ ಹುಳಿ ಬೆರಳಿನ ಗಾಯಕ್ಕೆ ತಗುಲಿ ಚುರುಗುಡುತ್ತದೆ, ಉಟ್ಟ ಸೀರೆಯ ಅಂಚನ್ನೂ ತಿನ್ನುತ್ತದೆ. ಅದಕ್ಕೇ ಹೆಣ್ಣುಮಕ್ಕಳು ಹಳೆಯ ಬಟ್ಟೆ ಸುತ್ತಿಕೊಂಡು ಹೊಲಕ್ಕಿಳಿಯುತ್ತಾರೆ. ಕಡಲೆಯ ದೊಡ್ಡ ವೈರಿ ಕಾಯಿಕೊರಕ. ಹುಳ ಕಾಯಿಯೊಳಗೆ ತಲೆ ಹಾಕಿ ಕೂತ ಮೇಲೆ ಯಾವ ಔಷಧಿಯೂ ಸರಿಯಾಗಿ ನಾಟುವುದಿಲ್ಲ, ಮರಿಯಿದ್ದಾಗಲೇ ಕಣ್ಣಿಡಬೇಕು. ಬೇಸಿಗೆ ಕೊನೆಗೆ ಆಯ್ದು ನೆರಳಲ್ಲಿ ಒಣಗಿಸಿದ ಬೇವಿನ ಬೀಜದ ತಿರುಳು 5 ಕೆಜಿ ಕುಟ್ಟಿ, ರಾತ್ರಿ ನೆನೆಸಿ, ಸೋಸಿ, 100 ಲೀಟರ್ ನೀರಿಗೆ ಬೆರೆಸಿ ಸಂಜೆ ಹೊಡೆಯುತ್ತೇನೆ. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುತ್ತದೆ, ಹಾಗಾಗಿ ಹಗಲು ಹೊಡೆಯುವುದು ದಂಡ. ಅಲ್ಲಲ್ಲಿ ಟೊಂಗೆ ನೆಟ್ಟು ಒಂದಿಷ್ಟು ಚುರುಮುರಿ ಚೆಲ್ಲಿದರೆ ತಿನ್ನಲು ಬಂದ ಹಕ್ಕಿಗಳು ಹುಳವನ್ನೂ ಆರಿಸುತ್ತವೆ.

ಎಳ್ಳ ಅಮಾವಾಸ್ಯೆಗೆ ಹೊಲದ ತುಂಬ ಅಡ್ಡಾಡಿ ಚರಗ ಚೆಲ್ಲುತ್ತೇವಲ್ಲ, ಆ ದಿನದ ನಡಿಗೆ ನನಗೆ ಬಹಳ ಮುಖ್ಯ. ಮೂಲೆ ಮೂಲೆಗೆ ಹೋಗುವುದರಿಂದ ಎಲ್ಲಿ ಬದು ಒಡೆದಿದೆ, ಎಲ್ಲಿ ಬೆಳೆ ಬಾಡಿದೆ, ಎಲ್ಲಿ ಹುಳ ಬಿದ್ದಿದೆ ಎಲ್ಲ ಕಣ್ಣಿಗೆ ಬೀಳುತ್ತದೆ. ಭೂಮಿತಾಯಿಗೆ ಉಣಿಸುವ ಹಬ್ಬವನ್ನು ಹಿರಿಯರು ಸರಿಯಾದ ಹೊತ್ತಿಗೇ ಇಟ್ಟಿದ್ದಾರೆ.

ಸಾವಯವಕ್ಕೆ ತಿರುಗಿದ ಮೊದಲ ಎರಡು ಮೂರು ವರ್ಷ ಇಳುವರಿ ತಗ್ಗುವುದುಂಟು, ಅದನ್ನು ಮುಚ್ಚಿಡಬಾರದು. ಇದ್ದ ಹೊಲವನ್ನೆಲ್ಲ ಒಮ್ಮೆಲೇ ಬದಲಿಸದೆ ಒಂದು ಎಕರೆಯಿಂದ ಶುರು ಮಾಡಿ. ಆ ಎಕರೆಯ ನೀರು ಹೊರಗೆ ಹೋಗದಂತೆ ಮೊದಲು ಕಟ್ಟಿಕೊಳ್ಳಿ, ಅಲ್ಲಿಂದಾಚೆ ಒಂದು ಜೊತೆ ದನ ಉಳಿಸಿಕೊಳ್ಳಿ. ಇವೆರಡಿದ್ದವರಿಗೆ ಜೀವಾಮೃತದ ಲೆಕ್ಕ ಹೇಳಿಕೊಡಲು ಹತ್ತು ನಿಮಿಷ ಸಾಕು.